ಎಳೆ ಎಣಿಸುವ ಹವ್ಯಾಸ: ಮುಂಬಯಿಯ ಮನೆಗಳಲ್ಲಿ ಕೈಕಸೂತಿ

ಬಟ್ಟೆಯ ಮೇಲೆ ಸೂಜಿಯಿಂದ, ಬಣ್ಣದ ನೂಲಿನಿಂದ ಚಿತ್ತಾರ ತೆಗೆಯುವ ಕೆಲಸವು ಮುಂಬಯಿ ನಗರದಲ್ಲಿ ಒಂದರ ಪರಿಚಯ ಇನ್ನೊಂದಕ್ಕೆ ಅಷ್ಟಾಗಿ ಇಲ್ಲದ ಎರಡು ನೆಲೆಗಳಲ್ಲಿ ನಡೆಯುತ್ತದೆ. ಮೊದಲನೆಯದು ಕಾರ್ಖಾನೆ: ಮದನಪುರ, ಧಾರಾವಿ, ಗೋವಂಡಿಗಳ ಇಕ್ಕಟ್ಟಾದ ಮಾಳಿಗೆಗಳಲ್ಲಿ ಉತ್ತರ ಪ್ರದೇಶ, ಬಿಹಾರ, ಪಶ್ಚಿಮ ಬಂಗಾಳಗಳಿಂದ ಬಂದ ಗಂಡಸರು ‘ಅಡ್ಡಾ’ ಅಥವಾ ‘ಕಾರ್‌ಚೋಬ್’ ಎಂದು ಕರೆಯುವ ಮರದ ದೊಡ್ಡ ಚೌಕಟ್ಟಿಗೆ ಬಟ್ಟೆಯನ್ನು ಬಿಗಿದು ಕಟ್ಟಿ, ಅದರ ಸುತ್ತ ನೆಲದ ಮೇಲೆ ಕುಳಿತು, ತುದಿಯಲ್ಲಿ ಕೊಕ್ಕೆಯಿರುವ ‘ಆರಿ’ ಸೂಜಿಯಿಂದ ಜರಿ, ಮಣಿ, ಚಮಕಿಗಳನ್ನು ಕೂರಿಸುತ್ತಾರೆ, ಜರ್ದೋಜಿ ಎಂಬ ಈ ಕೆಲಸವೇ ಹಿಂದಿ ಚಿತ್ರರಂಗದ ಉಡುಪಿಗೂ ಶ್ರೀಮಂತರ ಮದುವೆಗೂ ವಿದೇಶಿ ಫ್ಯಾಷನ್ ಸಂಸ್ಥೆಗಳಿಗೂ ಹೊಳಪು ಕೊಡುವುದು. 2023ರ ಮಾರ್ಚ್ 30ರಂದು ಪ್ಯಾರಿಸ್ಸಿನ ಡಿಯೋರ್ ಸಂಸ್ಥೆ ತನ್ನ ಪ್ರದರ್ಶನವನ್ನು ಗೇಟ್‌ವೇ ಆಫ್ ಇಂಡಿಯಾದ ಎದುರು ಏರ್ಪಡಿಸಿದಾಗ, ಮುಂಬಯಿಯ ಕಸೂತಿ ಕೈಗಳು ಎಷ್ಟು ಕಾಲದಿಂದ ತೆರೆಯ ಹಿಂದೆ ದುಡಿಯುತ್ತಿದ್ದವೆಂಬುದು ಸಾರ್ವಜನಿಕರಿಗೆ ಒಂದಿಷ್ಟಾದರೂ ಗೋಚರಿಸಿತು.

ಎರಡನೆಯ ನೆಲೆ ಮನೆ. ಮಾಟುಂಗಾ, ಚೆಂಬೂರು, ಮುಲುಂಡ್, ಬೊರಿವಲಿ, ಡೊಂಬಿವಲಿಗಳ ಫ್ಲಾಟುಗಳಲ್ಲಿ ಮತ್ತು ಅಳಿದುಳಿದ ಚಾಳ್‌ಗಳಲ್ಲಿ, ಯಾರ ಆದೇಶವೂ ಇಲ್ಲದೆ, ಕೂಲಿಯ ನಿರೀಕ್ಷೆಯೂ ಇಲ್ಲದೆ, ತಮ್ಮದೇ ಕುರ್ತಾ, ರವಿಕೆ, ದುಪಟ್ಟಾ, ಮಗುವಿನ ಅಂಗಿಗಳ ಮೇಲೆ ಸೂಜಿಯಾಡಿಸುವವರ ಲೋಕವಿದು. ಈ ಲೋಕದ ಲೆಕ್ಕ ಯಾವ ಸರಕಾರಿ ಗಣತಿಯಲ್ಲೂ ಸಿಗುವುದಿಲ್ಲ, ಏಕೆಂದರೆ ಅದು ಉತ್ಪಾದನೆಯಲ್ಲ. ಹಾಗೆಂದು ಅದನ್ನು ಹೊತ್ತು ಕಳೆಯುವ ಕೆಲಸವೆಂದು ತಳ್ಳಿಹಾಕುವುದೂ ತಪ್ಪು. ಹೊತ್ತಿಗೆ ಬೆಲೆ ಕಟ್ಟುವುದನ್ನೇ ಕಸುಬಾಗಿಸಿಕೊಂಡ ನಗರವೊಂದರಲ್ಲಿ ಬೆಲೆ ಕಟ್ಟಲಾಗದ ಕೆಲಸಕ್ಕೆ ಇಷ್ಟೊಂದು ಕೈಗಳು ಹೇಗೆ ಒದಗುತ್ತವೆ ಎಂಬುದು ವಿಚಾರ ಮಾಡತಕ್ಕ ಸಂಗತಿ.

ಮುಂಬಯಿಯ ಮನೆಗಸೂತಿಯ ಇತಿಹಾಸವನ್ನು ಹುಡುಕಹೊರಟವರು ಮೊದಲು ಪಾರ್ಸಿಗಳ ಮನೆಯ ಹೊಸ್ತಿಲಿಗೆ ಬರಬೇಕಾಗುತ್ತದೆ. ಹತ್ತೊಂಬತ್ತನೆಯ ಶತಮಾನದಲ್ಲಿ ಚೀನಾದ ಕ್ಯಾಂಟನ್ ಬಂದರಿನೊಡನೆ ಅಫೀಮು, ಹತ್ತಿಗಳ ವ್ಯಾಪಾರ ನಡೆಸಿದ ಪಾರ್ಸಿ ವರ್ತಕರು ಹಿಂತಿರುಗುವಾಗ ತಮ್ಮ ಮನೆಯ ಹೆಂಗಸರಿಗೆಂದು ತಂದ ರೇಷ್ಮೆಯ ಕಸೂತಿ ಬಟ್ಟೆಗಳಿಂದ ‘ಗಾರಾ’ ಸೀರೆ ರೂಪುಗೊಂಡಿತು. ಗಾಢವಾದ ನೇರಳೆ, ಕೆಂಪು, ಕಪ್ಪು ನೆಲದ ಮೇಲೆ ಕೆನೆಬಿಳಿ ದಾರದಿಂದ ಕೊಕ್ಕರೆ, ಸೇವಂತಿಗೆ, ಸೇತುವೆ, ಚೀನೀ ಮಂಟಪ, ಮಂಟಪದೊಳಗೆ ಮಾತಿಗೆ ಕುಳಿತ ಗಂಡುಹೆಣ್ಣು, ಹೀಗೆ ಒಂದು ಇಡೀ ಪರದೇಶವೇ ಅದರ ಮೇಲೆ ಹರಡಿಕೊಂಡಿರುತ್ತದೆ. ಆ ಪರದೇಶವನ್ನು ಪಾರ್ಸಿ ಹೆಂಗಸರು ಅಡುಗೆಮನೆಯ ಭಾಷೆಗೆ ಇಳಿಸಿಕೊಂಡ ಬಗೆ ಸೊಗಸಾದುದು: ದೊಡ್ಡ ಚಿಕ್ಕ ಬೊಟ್ಟುಗಳ ವಿನ್ಯಾಸವನ್ನು ‘ಕಾಂದಾ-ಪಪೇಟಾ’, ಅಂದರೆ ಈರುಳ್ಳಿ-ಆಲೂಗೆಡ್ಡೆ ಎಂದು ಕರೆದರು, ಎಸಳು ಚಾಚಿದ ಸೇವಂತಿಗೆ ಅವರ ಕಣ್ಣಿಗೆ ‘ಕರೋಲಿಯಾ’, ಅಂದರೆ ಜೇಡವಾಗಿ ಕಂಡಿತು. ನೂಲನ್ನು ಸೂಜಿಗೆ ಸುತ್ತಿ ಸಾಸಿವೆಯಷ್ಟು ಸಣ್ಣ ಗಂಟುಗಳನ್ನು ಸಾಲಾಗಿ ಕೂರಿಸುವ ‘ಖಾಖಾ’ ಹೊಲಿಗೆ ಕಣ್ಣಿಗೆ ಎಷ್ಟು ಶ್ರಮ ಕೊಡುತ್ತದೆಂದರೆ, ಅದನ್ನು ಹಾಕಿದವರ ದೃಷ್ಟಿಯೇ ಹೋಗುತ್ತಿತ್ತೆಂಬ ಕಾರಣಕ್ಕೆ ‘ನಿಷೇಧಿತ ಹೊಲಿಗೆ’ ಎಂಬ ಕಥೆ ಅದಕ್ಕೆ ಅಂಟಿಕೊಂಡಿದೆ.

ಗಾರಾದ ಕಥೆಯಲ್ಲಿ ಹವ್ಯಾಸದ ಬೇರು ಇರುವುದು ಕ್ಯಾಂಟನ್ನಿನಲ್ಲಲ್ಲ, ಮುಂಬಯಿಯ ಓಣಿಗಳಲ್ಲಿ. ಬೆನ್ನ ಮೇಲೆ ಬಟ್ಟೆಯ ಗಂಟು ಹೊತ್ತು ಮನೆಮನೆಗೆ ಬರುತ್ತಿದ್ದ ಚೀನೀ ಫೇರಿವಾಲಾಗಳು, ಅಂದರೆ ತಿರುಗಾಟದ ವ್ಯಾಪಾರಿಗಳು, ಸೀರೆಯ ಅಂಚುಗಳನ್ನು ಮಾರುತ್ತಿದ್ದುದಲ್ಲದೆ ಪಾರ್ಸಿ ಗೃಹಿಣಿಯರಿಗೆ ಆ ಹೊಲಿಗೆಗಳನ್ನೂ ತೋರಿಸಿಕೊಟ್ಟರೆಂದು ಈ ಕಲೆಯನ್ನು ಅಧ್ಯಯನ ಮಾಡಿದವರು ದಾಖಲಿಸಿದ್ದಾರೆ. ಹೀಗೆ ಕೊಂಡು ಉಡುವ ವಸ್ತುವಾಗಿದ್ದದ್ದು ಕೂತು ಮಾಡುವ ಕೆಲಸವಾಗಿ ಬದಲಾಯಿತು. ಮುಂದೆ ಸುಧಾರಣೆಯ ಕಾಲದಲ್ಲಿ ಇದೇ ಸೂಜಿ ಬಡ ಹೆಂಗಸರ ಹೊಟ್ಟೆಪಾಡಿನ ಸಾಧನವಾಯಿತು. ಬೆಹ್ರಾಮ್‌ಜಿ ಮಲಬಾರಿ ಮತ್ತು ದಯಾರಾಮ್ ಗಿದುಮಲ್ 1908ರಲ್ಲಿ ಮುಂಬಯಿಯಲ್ಲಿ ಸ್ಥಾಪಿಸಿದ ಸೇವಾ ಸದನವೂ, 1928ರಲ್ಲಿ ಪಾರ್ಸಿ ಸಮುದಾಯದ ನಿರ್ಗತಿಕ ಸ್ತ್ರೀಯರಿಗೆಂದು ಆರಂಭವಾದ ಸರ್ ರತನ್ ಟಾಟಾ ಇನ್‌ಸ್ಟಿಟ್ಯೂಟೂ ಹೊಲಿಗೆ ಕಸೂತಿಗಳನ್ನು ದುಡಿಮೆಯ ದಾರಿಯಾಗಿ ಕಲಿಸಿದವು. ಮನೆಯ ಬಿಡುವಿನಲ್ಲಿ ಹುಟ್ಟಿದ ಕೌಶಲ ಸಂಬಳದ ಕೆಲಸವಾಗುವುದು, ಸಂಬಳದ ಕೆಲಸ ಕೈಬಿಟ್ಟಾಗ ಅದೇ ಕೌಶಲ ಮತ್ತೆ ಬಿಡುವಿಗೆ ಮರಳುವುದು, ಈ ಓಡಾಟ ನಗರದಲ್ಲಿ ಇಂದಿಗೂ ನಿಂತಿಲ್ಲ.

ಕನ್ನಡಿಗರು ಈ ನಗರಕ್ಕೆ ಬಂದದ್ದು ಬೇರೊಂದು ಸೂಜಿಯೊಡನೆ. 1956ರ ನವೆಂಬರ್ 1ರವರೆಗೆ ಧಾರವಾಡ, ಬೆಳಗಾವಿ, ವಿಜಾಪುರ, ಉತ್ತರ ಕನ್ನಡ ಜಿಲ್ಲೆಗಳು ಮುಂಬಯಿ ಆಡಳಿತಕ್ಕೇ ಸೇರಿದ್ದುದರಿಂದ, ಆ ಸೀಮೆಯ ವಿದ್ಯಾವಂತರಿಗೆ ಮುಂಬಯಿ ಪರವೂರಾಗಿರಲಿಲ್ಲ, ರಾಜಧಾನಿಯಾಗಿತ್ತು. 2021ರಲ್ಲಿ ‘ಕಿತ್ತೂರು ಕರ್ನಾಟಕ’ವೆಂದು ಹೆಸರು ಬದಲಾಗುವವರೆಗೂ ಆ ಭಾಗವನ್ನು ‘ಮುಂಬಯಿ ಕರ್ನಾಟಕ’ ಎಂದೇ ಕರೆಯಲಾಗುತ್ತಿತ್ತು. ಕಚೇರಿ, ಗಿರಣಿ, ಶಾಲೆಗಳ ಕೆಲಸಕ್ಕೆಂದು ಬಂದ ಈ ಕುಟುಂಬಗಳ ಟ್ರಂಕುಗಳಲ್ಲಿ ಇಳಕಲ್ ಸೀರೆ ಬಂತು, ಗುಳೇದಗುಡ್ಡದ ಖಣ ಬಂತು, ಅವುಗಳೊಡನೆ ಧಾರವಾಡದ ಕಡೆಯ ಕಸೂತಿಯೂ ಬಂತು. ಕನ್ನಡದಲ್ಲಿ ಕಸೂತಿ ಎಂದರೆ ಎಲ್ಲ ಬಗೆಯ ಸೂಜಿಚಿತ್ತಾರವೂ ಹೌದು. ಆದರೆ ಧಾರವಾಡ, ಹುಬ್ಬಳ್ಳಿ, ವಿಜಾಪುರ ಸೀಮೆಯಲ್ಲಿ ಆ ಹೆಸರು ಒಂದು ನಿರ್ದಿಷ್ಟ ಪದ್ಧತಿಗೆ ಸಲ್ಲುತ್ತದೆ, ಇಂದು ಭೌಗೋಳಿಕ ಸೂಚಕದ ಮಾನ್ಯತೆ ಇರುವುದೂ ಆ ಪದ್ಧತಿಗೇ.

ಈ ಪದ್ಧತಿಯ ಮೊದಲ ಲಕ್ಷಣವೆಂದರೆ ಬಟ್ಟೆಯ ಮೇಲೆ ಪೆನ್ಸಿಲಿನಿಂದ ಚಿತ್ರ ಬರೆದುಕೊಳ್ಳದಿರುವುದು. ನೇಯ್ಗೆಯ ಹಾಸು ಹೊಕ್ಕುಗಳೇ ಇಲ್ಲಿ ಗೆರೆ ಎಳೆದ ಕಾಗದ. ಎರಡೋ ಮೂರೋ ನಾಲ್ಕೋ ಎಳೆಗಳನ್ನು ಎಣಿಸಿ ಒಂದು ಹೊಲಿಗೆ, ಮತ್ತೆ ಅಷ್ಟೇ ಎಳೆಗಳನ್ನು ಎಣಿಸಿ ಇನ್ನೊಂದು, ಹೀಗೆ ಅಡ್ಡ, ಉದ್ದ, ಓರೆ ಎಂಬ ಮೂರೇ ದಿಕ್ಕುಗಳಲ್ಲಿ ಇಡೀ ಚಿತ್ರ ಏಳಬೇಕು. ಹೊಲಿಗೆಗಳು ನಾಲ್ಕು. ‘ಗವಂತಿ’ ಎಂಬುದು ಹೋಗುವಾಗ ಒಂದು ಬಿಟ್ಟು ಒಂದು ಹೊಲಿಗೆ ಹಾಕಿ, ಬರುವಾಗ ಬಿಟ್ಟ ಜಾಗಗಳನ್ನು ತುಂಬುತ್ತ ಬರುವ ಜೋಡಿ ಓಟದ ಹೊಲಿಗೆ. ಅದೇ ಕ್ರಮದಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಏರಿಳಿದರೆ ‘ಮುರಗಿ’. ಎಳೆಗಳ ನಡುವೆ ನೂಲನ್ನು ಹೆಣೆದು ಬಟ್ಟೆಯಲ್ಲೇ ನೇಯ್ದಂತೆ ಕಾಣಿಸುವುದು ‘ನೇಯ್ಗೆ’. ಅಡ್ಡಗತ್ತರಿಯ ಹೊಲಿಗೆ ‘ಮೆಂತೆ’. ಮೊದಲ ಎರಡರಲ್ಲಿ ಬಟ್ಟೆಯ ಒಳಮೈಗೂ ಹೊರಮೈಗೂ ವ್ಯತ್ಯಾಸವಿರುವುದಿಲ್ಲ, ಗಂಟು ಹಾಕುವುದಂತೂ ನಿಷಿದ್ಧ: ನೂಲಿನ ತುದಿಯನ್ನು ಹೊಲಿಗೆಯೊಳಗೇ ಹುದುಗಿಸಿ ಮುಗಿಸಬೇಕು. ಐರೋಪ್ಯರು ಈ ಜೋಡಿ ಓಟದ ಹೊಲಿಗೆಯನ್ನು ಹಾನ್ಸ್ ಹೋಲ್ಬೈನ್ ಎಂಬ ಚಿತ್ರಕಾರನ ಹೆಸರಿನಿಂದ ಕರೆಯುತ್ತಾರೆ, ಏಕೆಂದರೆ ಹದಿನಾರನೆಯ ಶತಮಾನದಲ್ಲಿ ಇಂಗ್ಲೆಂಡಿನ ಎಂಟನೆಯ ಹೆನ್ರಿಯ ಆಸ್ಥಾನದವರನ್ನು ಅವನು ಚಿತ್ರಿಸುವಾಗ ಅವರ ತೋಳಪಟ್ಟಿ, ಕೊರಳಪಟ್ಟಿಗಳ ಮೇಲಿನ ಇಂಥ ಕಸೂತಿಯನ್ನು ಒಂದೊಂದು ಹೊಲಿಗೆಯೂ ಕಾಣುವಂತೆ ಬಿಡಿಸಿದ್ದಾನೆ.

ಎರಡೂ ಮೈ ಒಂದೇ ರೀತಿ ಬರಬೇಕೆಂಬ ಈ ಕಟ್ಟಳೆಯ ಹಿಂದೆ ಒಂದು ಗಣಿತವಿದೆ, ಅದನ್ನು ಸ್ವಲ್ಪ ನಿಂತು ನೋಡುವುದು ಒಳ್ಳೆಯದು. ಕೋನಿಗ್ಸ್‌ಬರ್ಗ್ ಪಟ್ಟಣದ ಏಳು ಸೇತುವೆಗಳನ್ನು ಒಂದೊಂದು ಸಲ ಮಾತ್ರ ದಾಟಿ ಊರು ಸುತ್ತಲು ಸಾಧ್ಯವೇ ಎಂಬ ಪ್ರಶ್ನೆಗೆ ಲಿಯೊನಾರ್ಡ್ ಆಯ್ಲರ್ 1736ರಲ್ಲಿ ಸಾಧ್ಯವಿಲ್ಲವೆಂದು ಉತ್ತರಿಸಿದ. ಆದರೆ ಪ್ರತಿಯೊಂದು ದಾರಿಯನ್ನೂ ಎರಡು ಸಲ ತುಳಿಯಬಹುದೆಂದು ಒಪ್ಪಿದರೆ, ಒಂದಕ್ಕೊಂದು ಕೂಡಿಕೊಂಡಿರುವ ದಾರಿಗಳ ಯಾವ ಜಾಲವನ್ನಾದರೂ ಸುತ್ತಿ ಹೊರಟಲ್ಲಿಗೇ ಮರಳಬಹುದೆಂಬುದು ಅದೇ ತರ್ಕದಿಂದ ಸಿದ್ಧವಾಗುತ್ತದೆ. ಗವಂತಿಯಲ್ಲಿ ನಡೆಯುವುದೂ ಇದೇ. ಪ್ರತಿ ಗೆರೆಯನ್ನೂ ನೂಲು ಎರಡು ಸಲ ಹಾಯುತ್ತದೆ, ಒಮ್ಮೆ ಮೇಲ್ಮೈಯಲ್ಲಿ, ಒಮ್ಮೆ ಕೆಳಮೈಯಲ್ಲಿ. ದಾರಿಯಲ್ಲಿ ಕವಲು ಸಿಕ್ಕರೆ ಆ ಕವಲಿನ ತುದಿಯವರೆಗೆ ಹೋಗಿ, ಪೂರ್ತಿ ಮರಳಿ ಬಂದು, ಆಮೇಲೆಯೇ ಮುಖ್ಯ ಗೆರೆಯಲ್ಲಿ ಮುಂದುವರಿಯಬೇಕೆಂಬುದು ಹಳೆಯ ಕೈಗಳು ಹೊಸಬರಿಗೆ ಹೇಳಿಕೊಡುವ ನಿಯಮ. ಹಾಗೆ ಮಾಡಿದಾಗ ಒಂದು ಗೆರೆಯ ಹೋಗುವಿಕೆ ಮೇಲ್ಮೈಯಲ್ಲಿ ಬಿದ್ದಿದ್ದರೆ ಬರುವಿಕೆ ತಾನಾಗಿಯೇ ಕೆಳಮೈಯಲ್ಲಿ ಬೀಳುತ್ತದೆ, ಎಲ್ಲೂ ನೂಲು ಹಾರುವುದಿಲ್ಲ, ಕಡೆಗೆ ಸೂಜಿ ಆರಂಭದ ತೂತಿಗೇ ಬಂದು ನಿಲ್ಲುತ್ತದೆ. ಗೆರೆಗಳು ಕೂಡಿಕೊಂಡಿರುವ ಯಾವ ವಿನ್ಯಾಸವನ್ನಾದರೂ ಹೀಗೆ ಹೊಲಿಯಬಹುದೆಂದು ಗಣಿತಜ್ಞರು ಸಾಧಿಸಿ ತೋರಿಸಿದ್ದಾರೆ. ಪಾಠಶಾಲೆಯ ಗಣಿತದಲ್ಲಿ ದಡ್ಡರೆನಿಸಿಕೊಂಡು ಹೊರಬಿದ್ದ ಅದೆಷ್ಟು ಹೆಂಗಸರು ಈ ಸಿದ್ಧಾಂತವನ್ನು ಸೆರಗಿನ ತುಂಬ ಪ್ರಯೋಗಿಸಿದ್ದಾರೋ ಲೆಕ್ಕವಿಲ್ಲ.

ಚಿತ್ರಗಳ ಭಂಡಾರ ದೊಡ್ಡದು: ತೇರು, ಗೋಪುರ, ಅಂಬಾರಿ ಹೊತ್ತ ಆನೆ, ನಂದಿ, ತುಳಸಿಕಟ್ಟೆ, ತೊಟ್ಟಿಲು, ಪಲ್ಲಕ್ಕಿ, ಹಂಸ, ನವಿಲು, ಗಿಳಿ, ಜಿಂಕೆ, ಕಮಲ, ತೆನೆ. ಸೀರೆಯಲ್ಲಿ ಸೆರಗಿಗೆ ಹತ್ತಿರವಿರುವ ಚಿತ್ರಗಳು ದೊಡ್ಡವಾಗಿ, ಒತ್ತಾಗಿ ಇರುತ್ತವೆ. ಸೆರಗಿನಿಂದ ದೂರ ಸರಿದಂತೆ ಚಿಕ್ಕವಾಗಿ, ವಿರಳವಾಗಿ, ಕಡೆಗೆ ಒಂಟಿ ಬುಟ್ಟಾಗಳಾಗಿ ನೆಲದ ಬಣ್ಣದಲ್ಲಿ ಕರಗುತ್ತವೆ. ‘ಚಂದ್ರಕಾಳಿ’ ಎಂಬ ಕಪ್ಪು ಸೀರೆಯ ಮೇಲೆ ಕೆಂಪು, ಹಳದಿ, ಹಸಿರು, ಬಿಳಿ ರೇಷ್ಮೆದಾರಗಳ ಕಸೂತಿ ಎದ್ದು ಕಾಣುವಷ್ಟು ಬೇರೆ ಯಾವ ನೆಲದ ಮೇಲೂ ಕಾಣುವುದಿಲ್ಲ. ಸೀರೆಯಲ್ಲದೆ ಕುಪ್ಪಸ, ಮಗುವಿನ ಕುಂಚಿಗೆ, ಕುಲಾವಿಗಳಿಗೂ ಕಸೂತಿ ಹಾಕುವ ರೂಢಿಯಿತ್ತು.

ಈ ಪದ್ಧತಿ ಮುಂಬಯಿಯ ಬದುಕಿಗೆ ಹೊಂದಿಕೊಂಡದ್ದು ಆಕಸ್ಮಿಕವಲ್ಲ. ಜರ್ದೋಜಿಗೆ ಕೋಣೆ ತುಂಬುವ ಅಡ್ಡಾ ಬೇಕು, ಗಾರಾಕ್ಕೂ ಬಿಗಿದು ಕಟ್ಟಿದ ಚೌಕಟ್ಟು ಬೇಕು. ಎಳೆ ಎಣಿಸುವ ಕಸೂತಿಗೆ ಚೌಕಟ್ಟೂ ಬೇಡ, ಮೇಜೂ ಬೇಡ, ನಕ್ಷೆ ಇಳಿಸುವ ಕಾರ್ಬನ್ ಕಾಗದವೂ ಬೇಡ, ಅಂಗೈಯಗಲದ ಬಟ್ಟೆ ಎಡಗೈಯಲ್ಲಿದ್ದರೆ ಸಾಕು. ಅಡುಗೆ, ಊಟ, ನಿದ್ದೆ, ಮಕ್ಕಳ ಓದು ಎಲ್ಲವೂ ಒಂದೇ ಕೋಣೆಯಲ್ಲಿ ನಡೆಯುವ ಚಾಳಿನ ಮನೆಯಲ್ಲಿ, ಕರೆಗಂಟೆ ಬಾರಿಸಿದ ಕೂಡಲೇ ಮಡಚಿ ತಲೆದಿಂಬಿನ ಕೆಳಗಿಡಬಹುದಾದ ಹವ್ಯಾಸ ಮಾತ್ರ ಬದುಕಿ ಉಳಿಯುತ್ತದೆ. ಲೋಕಲ್ ರೈಲಿಗೂ ಇದೇ ಮಾತು ಸಲ್ಲುತ್ತದೆ. ಚರ್ಚ್‌ಗೇಟಿನಿಂದ ವಿರಾರಿಗೆ ಸುಮಾರು 60 ಕಿಲೋಮೀಟರ್. ಉಪನಗರದಿಂದ ಕೆಲಸಕ್ಕೆ ಬಂದುಹೋಗುವವರ ದಿನದ ಎರಡು ಮೂರು ತಾಸು ರೈಲಿನ ಪಾಲಾಗುತ್ತದೆ. ಹೆಂಗಸರಿಗಾಗಿಯೇ ಇಡೀ ರೈಲನ್ನು ಮೀಸಲಿಟ್ಟ ‘ಲೇಡೀಸ್ ಸ್ಪೆಷಲ್’ ಪಶ್ಚಿಮ ರೈಲ್ವೆಯಲ್ಲಿ ಚರ್ಚ್‌ಗೇಟ್-ಬೊರಿವಲಿ ನಡುವೆ 1992ರ ಮೇ 5ರಂದು ಓಡಲಾರಂಭಿಸಿತು. ಕೂರಲು ಜಾಗ ಸಿಕ್ಕ ಹೆಂಗಸರು ಅಲ್ಲಿ ಪಲ್ಯಕ್ಕೆ ಸೊಪ್ಪು ಬಿಡಿಸುತ್ತಾರೆ, ಭಜನೆ ಮಾಡುತ್ತಾರೆ, ಸ್ವೆಟರ್ ಹೆಣೆಯುತ್ತಾರೆ, ಸೂಜಿದಾರ ಹಿಡಿಯುತ್ತಾರೆ. ಬೆಳಗಿನ ಗಾಡಿಯ ನೂಕುನುಗ್ಗಲಲ್ಲಿ ಎಳೆ ಎಣಿಸುವುದು ಆಗದ ಮಾತು ಎಂಬುದನ್ನೂ ಹೇಳಬೇಕು. ಈ ಕೆಲಸ ನಡೆಯುವುದು ಆರಂಭದ ನಿಲ್ದಾಣದಲ್ಲಿ ಹತ್ತಿ ಕಿಟಕಿಯ ಬದಿ ಹಿಡಿದವರಿಗೆ ಮಾತ್ರ.

ಸಾಮಗ್ರಿಯ ಖರ್ಚು ಅಲ್ಪ. ಪೇಟೆಯಲ್ಲಿ ಸಿಗುವ ಕಸೂತಿ ದಾರದ ಒಂದು ಲಡಿ ಸಾಮಾನ್ಯವಾಗಿ 8 ಮೀಟರ್ ಉದ್ದವಿದ್ದು, 6 ಎಳೆಗಳಿಂದ ಕೂಡಿರುತ್ತದೆ. ಕಸೂತಿಗೆ ಅದರಲ್ಲಿ ಒಂದೋ ಎರಡೋ ಎಳೆಗಳನ್ನು ಬಿಡಿಸಿಕೊಂಡರೆ ಸಾಕು. ಮೊಂಡು ತುದಿಯ ಸೂಜಿ ಒಳ್ಳೆಯದು, ಚೂಪು ಸೂಜಿ ಎಳೆಗಳ ನಡುವೆ ನುಸುಳುವ ಬದಲು ಎಳೆಯನ್ನೇ ಸೀಳುತ್ತದೆ. ನಿಜವಾದ ತೊಡಕಿರುವುದು ಬಟ್ಟೆಯಲ್ಲಿ. ಹಳೆಯ ಕೈಮಗ್ಗದ ಸೀರೆಯಲ್ಲಿ ಎಳೆಗಳು ಬರಿಗಣ್ಣಿಗೆ ಕಾಣುತ್ತಿದ್ದವು. ಇಂದಿನ ಮಿಲ್ ಬಟ್ಟೆ, ಕ್ರೇಪ್, ಸ್ಯಾಟಿನ್‌ಗಳಲ್ಲಿ ಅವು ಕಾಣುವುದಿಲ್ಲ, ಕಂಡರೂ ಹಾಸು ಹೊಕ್ಕುಗಳ ಸಾಂದ್ರತೆ ಬೇರೆಬೇರೆಯಾಗಿದ್ದು ಚೌಕವಾಗಬೇಕಾದ ತೇರು ಚಪ್ಪಟೆಯಾಗುತ್ತದೆ. ಆದ್ದರಿಂದ ಹೊಸದಾಗಿ ಕಲಿಯುವವರು ದಪ್ಪ ನೇಯ್ಗೆಯ ‘ಮ್ಯಾಟಿ’ ಬಟ್ಟೆಯಲ್ಲಿ ಕೈ ಪಳಗಿಸಿಕೊಳ್ಳುತ್ತಾರೆ; ಉಡುವ ಬಟ್ಟೆಯ ಮೇಲೆ ಹಾಕುವಾಗ ಜಾಳಿಯಂಥ ಕ್ಯಾನ್ವಾಸ್ ತುಂಡೊಂದನ್ನು ಮೇಲೆ ಟಾಕಿ, ಅದರ ಕಣ್ಣುಗಳನ್ನು ಎಣಿಸಿ ಹೊಲಿದು, ಮುಗಿದ ಮೇಲೆ ಜಾಳಿಯ ಎಳೆಗಳನ್ನು ಒಂದೊಂದಾಗಿ ಹಿರಿದು ತೆಗೆಯುತ್ತಾರೆ. ಮಂಗಲದಾಸ್ ಮಾರ್ಕೆಟ್, ದಾದರ್, ಭುಲೇಶ್ವರಗಳನ್ನು ಸುತ್ತಿದರೆ ಇದೆಲ್ಲವೂ ಒಂದು ಮಧ್ಯಾಹ್ನದಲ್ಲಿ ಕೈಸೇರುತ್ತದೆ. ಮಳೆಗಾಲ ಮಾತ್ರ ಶತ್ರು: ಗಾಳಿಯ ತೇವಾಂಶ ಶೇಕಡ 80 ಮೀರುವ ಜುಲೈ ತಿಂಗಳಲ್ಲಿ ಬಟ್ಟೆಗೆ ಚುಚ್ಚಿಟ್ಟು ಮರೆತ ಸೂಜಿ ತುಕ್ಕು ಹಿಡಿದು ಅಳಿಸಲಾಗದ ಕಂದು ಚುಕ್ಕೆ ಬಿಡುತ್ತದೆ, ಬೆವರಿದ ಬೆರಳಿಗೆ ತಿಳಿಬಣ್ಣದ ದಾರ ಮಾಸುತ್ತದೆ.

ಹವ್ಯಾಸವೆಂಬ ಮಾತಿಗೆ ಹಗುರವಾದ ಒಂದು ಹಿತವಿದೆ, ಆದರೆ ಈ ಕೆಲಸ ಯಾವಾಗಲೂ ಹವ್ಯಾಸವಾಗಿರಲಿಲ್ಲ ಎಂಬುದನ್ನು ಮರೆಯುವಂತಿಲ್ಲ. ಹೆಣ್ಣುಮಕ್ಕಳ ಶಾಲೆಗಳಲ್ಲಿ ಹೊಲಿಗೆ ಪಾಠದ ವಿಷಯವಾಗಿತ್ತು, ಮದುವೆಗೆ ಬಂದ ಹುಡುಗಿಯ ಯೋಗ್ಯತೆಯನ್ನು ಅವಳ ಸೆರಗಿನ ಹಿಂಬದಿ ತಿರುವಿ ನೋಡಿ ಅಳೆಯುವುದೂ ಇತ್ತು. ತಲೆ ತಗ್ಗಿಸಿ, ಬಾಯಿ ಮುಚ್ಚಿ, ಒಂದೆಡೆ ಕುಳಿತಿರುವುದನ್ನು ಕಲಿಸಲು ಸೂಜಿಯಷ್ಟು ಒಳ್ಳೆಯ ಉಪಾಯ ಬೇರೊಂದಿರಲಿಲ್ಲ. ಕಸೂತಿಯು ಹೆಣ್ಣನ್ನು ಪಳಗಿಸಿದ ಸಾಧನವೂ ಹೌದು, ಹೆಣ್ಣು ತನ್ನ ಮಾತನ್ನು ಬಚ್ಚಿಟ್ಟ ಜಾಗವೂ ಹೌದು ಎಂಬುದನ್ನು ರೋಝಿಕಾ ಪಾರ್ಕರ್ 1984ರಲ್ಲಿ ಪ್ರಕಟವಾದ ‘ದ ಸಬ್‌ವರ್ಸಿವ್ ಸ್ಟಿಚ್’ ಗ್ರಂಥದಲ್ಲಿ ಐರೋಪ್ಯ ಇತಿಹಾಸವನ್ನು ಆಧರಿಸಿ ವಾದಿಸಿದ್ದಾರೆ. ಅವರ ವಾದ ಧಾರವಾಡಕ್ಕೂ ಮುಂಬಯಿಗೂ ಅನ್ವಯಿಸದಿರಲು ಕಾರಣ ಕಾಣುವುದಿಲ್ಲ. ಇನ್ನೊಂದು ವಿಪರ್ಯಾಸವೂ ಉಂಟು. ಕಾರ್ಖಾನೆಯಲ್ಲಿ ಇದೇ ಕೆಲಸ ಗಂಡಸಿನದು. 2016ರಲ್ಲಿ ಮುಂಬಯಿಯಲ್ಲಿ ಚಾಣಕ್ಯ ಸ್ಕೂಲ್ ಆಫ್ ಕ್ರಾಫ್ಟ್ ಆರಂಭವಾಗಿ ಹೆಂಗಸರಿಗೆ ಈ ಕುಶಲವಿದ್ಯೆಯನ್ನು ಕ್ರಮಬದ್ಧವಾಗಿ ಕಲಿಸತೊಡಗಿದಾಗ ಅದೊಂದು ಹೊಸ ಸಂಗತಿಯೆನಿಸಿತು. ಕೂಲಿ ಬಂದರೆ ಗಂಡಿನ ಕಸುಬು, ಕೂಲಿಯಿಲ್ಲದಿದ್ದರೆ ಹೆಣ್ಣಿನ ಹವ್ಯಾಸ ಎಂಬ ಈ ಹಂಚಿಕೆಯನ್ನು ಯಾರೂ ಬರೆದಿಟ್ಟಿರಲಿಲ್ಲ, ಎಲ್ಲರೂ ಪಾಲಿಸುತ್ತಿದ್ದರು.

ಹವ್ಯಾಸಿಗಳು ತಮ್ಮ ಕೆಲಸವನ್ನು ಮಾರಬೇಕೆ ಎಂಬ ಪ್ರಶ್ನೆಗೂ ಇಲ್ಲಿಯೇ ಉತ್ತರವಿದೆ. ತಾಸಿಗಿಷ್ಟೆಂದು ನ್ಯಾಯವಾದ ಕೂಲಿ ಲೆಕ್ಕಹಾಕಿದರೆ ಕೈಯಲ್ಲಿ ಹಾಕಿದ ಒಂದು ಸೆರಗಿನ ಬೆಲೆಯನ್ನು ಕೊಳ್ಳುವವರು ಕೇಳಿ ಹಿಂದೆ ಸರಿಯುತ್ತಾರೆ. ಹಾಗೆಂದು ದಾರದ ಖರ್ಚು ಹುಟ್ಟಿದರೆ ಸಾಕೆಂದು ಅಗ್ಗಕ್ಕೆ ಕೊಟ್ಟರೆ, ಧಾರವಾಡದ ಹಳ್ಳಿಯಲ್ಲಿ ಅದರಿಂದಲೇ ಹೊಟ್ಟೆ ಹೊರೆಯುವ ಹೆಂಗಸಿನ ಕೂಲಿಗೆ ಕತ್ತರಿ ಬೀಳುತ್ತದೆ. ಗವಂತಿಯ ಚಿತ್ರಗಳನ್ನು ಕಂಪ್ಯೂಟರ್ ಯಂತ್ರದಲ್ಲಿ ಹೊಡೆಸಿ ‘ಕಸೂತಿ ಸೀರೆ’ ಎಂದು ಮಾರುವ ಅಂಗಡಿಗಳು ಆ ಕೂಲಿಗೆ ಈಗಾಗಲೇ ಸಾಕಷ್ಟು ಪೆಟ್ಟು ಕೊಟ್ಟಿವೆ. ಯಂತ್ರದ ಕೆಲಸವನ್ನು ಗುರುತಿಸುವುದು ಕಷ್ಟವಲ್ಲ, ಸೆರಗನ್ನು ತಿರುವಿದರಾಯಿತು: ಕೆಳಗೆ ಒತ್ತಾಸೆಗೆ ಅಂಟಿಸಿದ ಕಾಗದದ ಚೂರು, ಒಂದು ಚಿತ್ರದಿಂದ ಇನ್ನೊಂದಕ್ಕೆ ಹಾರಿದ ನೂಲು ಇದ್ದರೆ ಅದು ಯಂತ್ರ. ಬಿಡುವಿಗಾಗಿ ಹೊಲಿಯುವವರು ಹೊಲಿದದ್ದನ್ನು ತಾವು ಉಡುವುದು, ಬೇಕಾದವರಿಗೆ ಉಡುಗೊರೆ ಕೊಡುವುದು, ಕೊಳ್ಳುವಾಗ ಮಾತ್ರ ಕಸುಬುದಾರರಿಂದ ಪೂರ್ತಿ ಬೆಲೆಗೆ ಕೊಳ್ಳುವುದು ಹೆಚ್ಚು ಸರಿಯಾದ ದಾರಿಯೆಂದು ತೋರುತ್ತದೆ.

ಹಳೆಯ ಚಿತ್ರಗಳನ್ನೇ ಹಾಕುತ್ತ ಹೋಗಬೇಕೆ ಎಂಬ ಚರ್ಚೆಯೂ ಹವ್ಯಾಸಿಗಳಲ್ಲಿ ಏಳುತ್ತಲೇ ಇರುತ್ತದೆ. ಹೊಸ ಚಿತ್ರ ಹಾಕಲು ಶಾಸ್ತ್ರದ ಅಡ್ಡಿಯೇನೂ ಇಲ್ಲ. ತೇರು, ಅಂಬಾರಿ, ತುಳಸಿಕಟ್ಟೆಗಳು ಕಸೂತಿಗೆ ಬಂದದ್ದು ಅವು ಪವಿತ್ರವೆಂಬ ಕಾರಣಕ್ಕೆ ಮಾತ್ರವಲ್ಲ, ಹೊಲಿಯುವವರ ಕಣ್ಣ ಮುಂದೆ ಅವು ದಿನವೂ ಇದ್ದವೆಂಬ ಕಾರಣಕ್ಕೂ ಹೌದು. ಕಾಂದಿವಲಿಯ ಕಿಟಕಿಯಿಂದ ಕಾಣುವ ನೀರಿನ ಟಾಂಕಿ, ಬಹುಮಹಡಿ ಕಟ್ಟಡ, ಲೋಕಲ್ ರೈಲುಗಳಿಗೂ ಅದೇ ಹಕ್ಕಿದೆ. ಬಹುಮಹಡಿ ಕಟ್ಟಡವಂತೂ ಅಡ್ಡಗೆರೆ ಉದ್ದಗೆರೆಗಳ ಲೆಕ್ಕಕ್ಕೆ ಗೋಪುರಕ್ಕಿಂತ ಸುಲಭ. ರೈಲಿನ ಡಬ್ಬಿಯೂ ಕಷ್ಟವಲ್ಲ, ಕಿಟಕಿಯ ಸರಳುಗಳಿಗೆ ಗವಂತಿ, ಬಾಗಿಲಿಗೆ ನೇಯ್ಗೆ ಹೊಂದುತ್ತದೆ. ಕಷ್ಟವಿರುವುದು ಗಾಲಿಯಲ್ಲಿ ಮಾತ್ರ: ಅಡ್ಡ, ಉದ್ದ, ಓರೆಗಳನ್ನು ಬಿಟ್ಟು ಬೇರೆ ಗೆರೆಯನ್ನು ಒಪ್ಪದ ಈ ಹೊಲಿಗೆಯಲ್ಲಿ ದುಂಡಗಿನದು ಯಾವುದೂ ಬರುವುದಿಲ್ಲವಾದ್ದರಿಂದ, ತೇರಿನ ಗಾಲಿಯಂತೆ ರೈಲಿನ ಗಾಲಿಯೂ ಎಂಟು ಮೂಲೆಯದಾಗಲೇಬೇಕು.